ಹಾಳೆಯ ಹಿಂಬದಿ

ಹಾಳೆ ಬಂದದ್ದು ಬುಧವಾರ,
ಮೀನಂಗಡಿಯ ಕಾಗದದಲ್ಲಿ ಸುತ್ತಿಕೊಂಡು.
ಬಿಚ್ಚಿದರೆ, ಒಬ್ಬಳು ಹೆಂಗಸು.
ಕುತ್ತಿಗೆ ಇಲ್ಲ. ಮೊಣಕೈ ಮೂರು.
ಎಡಗಾಲು ಇಳಿಯುತ್ತ ಇಳಿಯುತ್ತ
ಕಣಕಾಲಿನ ಹತ್ತಿರ ಹಾಳೆಯೇ ಮುಗಿದುಹೋಗಿದೆ.
ಇಂದ್ರಿಕಿಸ್ ಕ್ರೂಕ್ಲಿಸರಿಗೆ ಕಾಗದ ಯಾವತ್ತೂ ಸಾಲದು.

ಕೆಳಗೆ ಪೆನ್ಸಿಲಿನಲ್ಲಿ ಪಾತ್ರದ ಹೆಸರು:
ನದಿಯ ಕೊನೆಯ ಮಂಜುಗಡ್ಡೆ.
ಎರಡನೆಯ ಅಂಕ. ನಾಲ್ಕು ನಿಮಿಷ.
ಪಕ್ಕದಲ್ಲಿ ಒಂದೇ ಒಂದು ಅಪ್ಪಣೆ:
ಬಿರುಕಿನ ಸದ್ದು ಕಣ್ಣಿಗೆ ಕಾಣಬೇಕು.

ರೀಗಾದ ಈ ನಾಟಕಶಾಲೆಯ ಅಟ್ಟದಲ್ಲಿ
ಮೂವತ್ತೊಂದು ವರ್ಷ ಕತ್ತರಿ ಹಿಡಿದವಳು ನಾನು.
ಬಡಕಲು ರಾಜರಿಗೆ ಹತ್ತಿ ತುಂಬಿ ಹೊಟ್ಟೆ ಕಟ್ಟಿದ್ದೇನೆ,
ದೆವ್ವಗಳಿಗೆ ಜೇಬು ಇಟ್ಟಿದ್ದೇನೆ
ಕೆಮ್ಮಿನ ಗುಳಿಗೆಗೆಂದು.
ಸದ್ದಿಗೆ ಎಷ್ಟು ಗಜ ಬೇಕೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.

ಆ ನೀಲಿಯನ್ನೇ ನೋಡುತ್ತ ಕೂತೆ.
ನೀಲಿಯೂ ಅಲ್ಲ ಅದು:
ಬಾಗಿಲಿಗೆ ಸಿಕ್ಕ ಬೆರಳಿನ ಉಗುರಡಿ
ವಾರದ ಮೇಲೆ ಉಳಿಯುತ್ತದಲ್ಲ, ಆ ಬಣ್ಣ;
ಅಂಚಿಗೆ, ಹಾಲಿನ ಪಾತ್ರೆ ತೊಳೆದ ನೀರು.
ಸೊಂಟದ ಹತ್ತಿರ ಕುಂಚ ಜಾರಿದೆ.
ಬೇಕೆಂದೇ ಜಾರಿಸಿದ್ದೋ, ಕೈ ನಡುಗಿತ್ತೋ?
ಕೇಳುವ ಹಾಗಿಲ್ಲ.
ಚಿತ್ರಕಾರನ ತಪ್ಪಿಗೂ
ದರ್ಜಿ ನೆರಿಗೆ ಹಿಡಿಯಬೇಕು.

ಮೊದಲ ಸಲ ಗಾಜಿನ ಮಣಿ ಪೋಣಿಸಿದೆ, ಎರಡು ಸಾವಿರ.
ಔಸ್ಮಾ ತೊಟ್ಟು ಒಂದು ಹೆಜ್ಜೆ ಇಟ್ಟಳು,
ಇನ್ನೊಂದು ಇಟ್ಟಳು,
"ಇದನ್ನು ಹಾಕಿಕೊಂಡು ಹಾರಲಿಕ್ಕಾಗದು, ಮುಳುಗಬಹುದು ಅಷ್ಟೇ" ಅಂದಳು.
ಕರ್ಪೂರದೆಣ್ಣೆಯ ವಾಸನೆ. ಊದಿದ ಮೊಣಕಾಲಿಗೆ ಪಟ್ಟಿ.
ಕ್ರೂಕ್ಲಿಸರು ಅಟ್ಟ ಹತ್ತಿ ಬಂದು, ಏದುಸಿರು ಬಿಡುತ್ತ,
"ನನ್ನ ಮಂಜುಗಡ್ಡೆಗೆ ಮೊಣಕಾಲು ಎಲ್ಲಿಂದ ಬಂತು?"
ಅವಳು ನಗಲೂ ಇಲ್ಲ.
"ನೀವು ಬರೆಯದೆ ಬಿಟ್ಟಿರಲ್ಲ, ಎಡಗಾಲು,
ಅದರ ಮೇಲೇ ಸ್ವಾಮಿ ನಾನು ನಿಲ್ಲೋದು."

ಮಾರ್ಚ್ ಮುಗಿಯುತ್ತಿತ್ತು.
ರೈ ರೊಟ್ಟಿ ಕಟ್ಟಿಕೊಂಡು ದೌಗವಾ ಸೇತುವೆಗೆ ಹೋದೆ,
ಕೈ ಮರಗಟ್ಟುವವರೆಗೆ ನಿಂತೆ.
ನಾನಂದುಕೊಂಡಂತೆ ಇರಲಿಲ್ಲ ಮಂಜುಗಡ್ಡೆ.
ಮೇಲೆ ಗಟ್ಟಿ. ಒಳಗೆ ಸೂಜಿ ಸೂಜಿಯಾಗಿ ಬಿಟ್ಟುಕೊಂಡಿದೆ,
ಒಂದನ್ನೊಂದು ಹಿಡಿದಿರುವುದು ಬರೀ ಅಭ್ಯಾಸಬಲ.
ಯಾರೂ ಮುಟ್ಟಬೇಕಿಲ್ಲ,
ಸ್ವಲ್ಪ ಬಿಸಿಲು ಬಂದರೆ ಸಾಕು.

ಸೂಜಿ ನನಗೆ ಗೊತ್ತಿರುವ ವಸ್ತು.

ಮಣಿಗಳನ್ನೆಲ್ಲ ಬಿಚ್ಚಿದೆ.
ಅಗಸೆನಾರಿನ ಬಟ್ಟೆ ತಂದು, ಉದ್ದುದ್ದ ಸೀಳಿ,
ಆಲೂಗಡ್ಡೆಯ ಗಂಜಿ ಹಾಕಿ ಹಪ್ಪಳದಂತೆ ಒಣಗಿಸಿದೆ.
ಪಟ್ಟಿಗೆ ಪಟ್ಟಿ ಸೇರಿಸಿದ್ದು ಬರೀ ಕಚ್ಚಾ ಹೊಲಿಗೆಯಲ್ಲಿ,
ನೆಚ್ಚಿಕೊಳ್ಳಲಾಗದ ಹಳೇ ನೂಲಿನಲ್ಲಿ.
ಜೀವಮಾನವೆಲ್ಲ ಬಿಚ್ಚಬಾರದೆಂದು ಹೊಲಿದ ಕೈ,
ಬಿಚ್ಚಲೆಂದು ಹೊಲಿಯುವಾಗ
ಎಷ್ಟು ಸಲ ಮರೆತು ಗಂಟು ಹಾಕಿತೋ.

ಮೊದಲ ರಾತ್ರಿ ಔಸ್ಮಾ ತೋಳೆತ್ತಿದಳು.
ಟಪ್.
ಭುಜದಲ್ಲೊಂದು. ಬೆನ್ನಲ್ಲೆರಡು.
ವಾದ್ಯದವರು ತಲೆ ಎತ್ತಿ ನೋಡಿದರು.
ಮೇಲಿನ ಅಗ್ಗದ ಬೆಂಚಿನವರೆಗೂ ಕೇಳಿಸಿತಂತೆ.
ಪಟ್ಟಿ ಪಟ್ಟಿಯಾಗಿ ಜೋತುಬಿದ್ದ ಅಂಗಿಯ ನಡುವೆ
ನಾಲ್ಕನೆಯ ನಿಮಿಷ ಉಳಿದದ್ದು
ಬೆವರಿದ ಒಬ್ಬಳು ಹುಡುಗಿ,
ಮತ್ತೆ ಆ ಎಡಗಾಲು.

ಒಂಬತ್ತು ಪ್ರದರ್ಶನ. ಒಂಬತ್ತು ಮುಂಜಾನೆ
ಅದೇ ಮಂಜುಗಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು
ಮತ್ತೆ ಹೆಪ್ಪುಗಟ್ಟಿಸಿದೆ.

ಈಗ ಅಂಗಿ ಇಲ್ಲ. ಯುದ್ಧದ ಚಳಿಗಾಲ
ಒಳ್ಳೆಯ ನಾರುಬಟ್ಟೆ ಯಾರ ಗಾಯಕ್ಕೆ ಹೋಯಿತೋ.
ಔಸ್ಮಾ ಹಡಗು ಹತ್ತಿದಳೆಂದರು, ಇಲ್ಲವೆಂದರು.
ಹಾಳೆ ಮಾತ್ರ ಸಂಗ್ರಹಾಲಯದಲ್ಲಿದೆ, ಗಾಜಿನ ಹಿಂದೆ,
ದಪ್ಪ ರಟ್ಟಿಗೆ ಅಂಟಿಸಿದ್ದಾರೆ.
ಜಲವರ್ಣ, ಪೆನ್ಸಿಲು, ಕ್ರೂಕ್ಲಿಸರ ಹೆಸರು, ಇಸವಿ.
ಮೇಲಿನ ಮೂಲೆಯ ತೂತು
ನನ್ನ ಗುಂಡುಸೂಜಿಯದು;
ಕಂದು ಕಲೆ, ಗಂಜಿ.

ಹಿಂಬದಿ ಯಾರಿಗೂ ಕಾಣುವುದಿಲ್ಲ.
ಅಲ್ಲಿ ನನ್ನ ಕೋಳಿಕಾಲಿನ ಬರಹ:
ಎದೆ ಎಂಬತ್ತೊಂದು. ಸೊಂಟ ಐವತ್ತೊಂಬತ್ತು.
ಎಡ ಮೊಣಕಾಲು ಮೂವತ್ತಾರು,
ಪ್ರದರ್ಶನದ ಮಾರನೆ ದಿನ ಮೂವತ್ತೆಂಟು.
ಕೆಳಗೆ ಅಡಿಗೆರೆ ಎಳೆದು:
ಸಡಿಲ ಬಿಡುವುದು.